ಪೂರ್ವಮರ್ಯಾದೆಯ ಪಾಲನೆ: ಹರಿದ್ರೆಯ ಕಟ್ಟೆಯೂ ತಂತ್ರಾಂಶದ ನೆಲೆಯೂ

1

ತುಂಗಭದ್ರೆಯ ದಡದಲ್ಲಿರುವ ಹರಿಹರದ ಶಾಸನಗಳಲ್ಲಿ ಕ್ರಿ.ಶ. 1410 ಮತ್ತು 1424ನೆಯ ಇಸವಿಗಳಿಗೆ ಸೇರಿದ ಎರಡನ್ನು ಜೊತೆಯಾಗಿಟ್ಟು ಓದತಕ್ಕದ್ದು. ಮೊದಲನೆಯದು ವಿಜಯನಗರದ ಒಂದನೆಯ ದೇವರಾಯನ ಆಳ್ವಿಕೆಯ ಕಾಲದ್ದು. ಸೂಳೆಕೆರೆಯ ಕಡೆಯಿಂದ ಹರಿದುಬಂದು ತುಂಗಭದ್ರೆಯನ್ನು ಕೂಡುವ ಹರಿದ್ರಾನದಿಗೆ ಕಟ್ಟೆಯನ್ನು ಕಟ್ಟಿ, ಹರಿಹರದೇವರ ಭೂಮಿಯ ಮೂಲಕ ಕಾಲುವೆಯನ್ನು ತೆಗೆದ ವಿಷಯವು ಅದರಲ್ಲಿದೆ. ಈ ಕೆಲಸದ ವೆಚ್ಚವನ್ನು ವಹಿಸಿದವರು ಅಲ್ಲಿನ ಬ್ರಾಹ್ಮಣರು; ಕಾಲುವೆಯು ಹಾದುಹೋಗುವ ನೆಲವು ದೇವರದು. ಆದಕಾರಣ ಕಾಲುವೆಯ ನೀರು ಹರಿಯುವಷ್ಟು ಭೂಮಿಯಲ್ಲಿ ಎರಡು ಭಾಗ ದೇವರಿಗೆ, ಒಂದು ಭಾಗ ಕಟ್ಟಿಸಿದವರಿಗೆ ಎಂದು ನಿರ್ಣಯವಾಯಿತು. ಎರಡನೆಯ ಶಾಸನವು ಇಮ್ಮಡಿ ದೇವರಾಯನ ಕಾಲದ್ದು. ಆ ಹೊತ್ತಿಗೆ ಕಟ್ಟೆಯು ಒಡೆದುಹೋಗಿತ್ತು. ಅದನ್ನು ಮತ್ತೆ ಕಟ್ಟಿಸಿದ ಸಂಗತಿಯನ್ನು ಇದು ಹೇಳುತ್ತದೆ. ಎರಡಕ್ಕೂ ನಡುವಣ ಅಂತರವು ಹದಿನಾಲ್ಕೇ ವರ್ಷ.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. 1410ರಲ್ಲಿ ನಡೆದ ಕಾರ್ಯಗಳು ಎರಡು. ಕಲ್ಲುಮಣ್ಣುಗಳಿಂದ ಕಟ್ಟೆಯನ್ನು ಕಟ್ಟಿದ್ದು ಒಂದು; ಅದರ ಫಲವು ಎಲ್ಲೆಲ್ಲಿ, ಯಾರುಯಾರಿಗೆ ಸಲ್ಲಬೇಕೆಂಬುದನ್ನು ಗೊತ್ತುಮಾಡಿದ್ದು ಇನ್ನೊಂದು. ಮೊದಲನೆಯದನ್ನು ಪ್ರವಾಹವು ಕೊಚ್ಚಿಕೊಂಡು ಹೋಗಬಹುದು. ಹಣವೂ ಆಳುಗಳೂ ದೊರೆತರೆ ಅದನ್ನು ಪುನಃ ಕಟ್ಟಬಹುದು. ಎರಡನೆಯದು ಮಾತ್ರ ಒಮ್ಮೆ ಮರೆತುಹೋದರೆ ಹಣದಿಂದಾಗಲಿ ಆಳಿನಿಂದಾಗಲಿ ಹಿಂದಿರುಗಿ ಬರತಕ್ಕದ್ದಲ್ಲ. ಮತ್ತೆ ವ್ಯಾಜ್ಯವೇ ಗತಿ. ಕಟ್ಟೆಯು ಒಡೆಯಿತು, ಹಂಚಿಕೆಯನ್ನು ಹೇಳುವ ಕಲ್ಲು ಒಡೆಯಲಿಲ್ಲ. ನಿರ್ಮಾಣವನ್ನೂ ನಿರ್ಣಯವನ್ನೂ ಬೇರೆಬೇರೆ ಆಶ್ರಯಗಳಲ್ಲಿ ಇರಿಸಿದ್ದರ ಫಲವಿದು.

ಕರ್ನಾಟಕದ ಶಾಸನಗಳಲ್ಲಿ ಈ ಬಗೆಯ ನಿರ್ಣಯಕ್ಕೆ ಒಪ್ಪುವ ಶಬ್ದವೊಂದು ಉಂಟು: ಪೂರ್ವಮರ್ಯಾದೆ. ಮರ್ಯಾದೆಯೆಂದರೆ ಇಂದು ಬಳಕೆಯಲ್ಲಿರುವ ಗೌರವವೆಂಬ ಅರ್ಥವು ಅಲ್ಲಿ ಮುಖ್ಯವಲ್ಲ. ಎಲ್ಲೆ, ಕಟ್ಟುಪಾಡು, ನಡೆದುಬಂದ ಕ್ರಮ ಎಂಬುವೇ ಮುಖ್ಯ. ಹೊಸದಾಗಿ ಆಳತೊಡಗಿದವನು ಒಂದು ಊರಿನ ಸೀಮೆಯನ್ನು ಪೂರ್ವಮರ್ಯಾದೆಯಂತೆ ಬಿಟ್ಟನೆಂದರೆ, ಹಿಂದಿನವರು ಇಟ್ಟ ಎಲ್ಲೆಯನ್ನು ತಾನು ಕದಲಿಸಲಿಲ್ಲವೆಂದು ಭಾವ. ತಾನು ಕೊಡುವ ದಾನಕ್ಕಿಂತಲೂ ಹಿಂದಿನವರ ದಾನವನ್ನು ಕಾಪಾಡುವುದು ಮೇಲೆಂಬ ಅಭಿಪ್ರಾಯವು ದಾನಶಾಸನಗಳ ಕೊನೆಯಲ್ಲಿ ಪದೇಪದೇ ಕಾಣಬರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಅಭಿಪ್ರಾಯವು ಕೇವಲ ಧರ್ಮೋಪದೇಶವಲ್ಲ. ಅದರಲ್ಲಿ ವ್ಯವಹಾರಜ್ಞಾನವೂ ಅಡಗಿದೆ. ಅದು ಎಷ್ಟು ದೂರ ಸಲ್ಲುತ್ತದೆಂಬುದನ್ನು ಕಾಣಲು ಇಪ್ಪತ್ತನೆಯ ಶತಮಾನದ ಒಂದು ಕಸುಬಿನ ಚರಿತ್ರೆಯನ್ನು ನೋಡಬೇಕು. ಮೂಲಪಾಠದಿಂದ ತಂತ್ರಾಂಶವನ್ನು ಕಟ್ಟಿ ಗಣಕಯಂತ್ರದಲ್ಲಿ ನೆಲೆಗೊಳಿಸುವ ಕಸುಬೇ ಅದು.

2

ತಂತ್ರಾಂಶವೆಂಬುದು ಮೊದಲಿಗೆ ಒಂದು ಬರೆವಣಿಗೆ. ಸೋರ್ಸ್ ಎಂದು ಕರೆಯಲ್ಪಡುವ ಈ ಮೂಲಪಾಠವನ್ನು ಮನುಷ್ಯರು ಓದಬಲ್ಲರು. ಯಂತ್ರವು ಅದನ್ನು ಇದ್ದಂತೆಯೇ ನಡೆಸಲಾರದು. ಹಾಗಾಗಿ ಮೂಲಪಾಠವನ್ನು ಪಡೆದವನು ಅದನ್ನು ತನ್ನ ಯಂತ್ರಕ್ಕೆ ತಕ್ಕ ರೂಪಕ್ಕೆ ತಿರುಗಿಸಿಕೊಳ್ಳಬೇಕು. ಹೀಗೆ ತಿರುಗಿಸುವುದೇ ಕಟ್ಟುವಿಕೆ. ಕಟ್ಟಿದ ಮೇಲೆ ಅದರ ಅಂಗಗಳನ್ನು ಯಂತ್ರದ ಕಡತಕೋಶಗಳಲ್ಲಿ ಸ್ಥಾಪಿಸಬೇಕು. ನಡೆಯುವ ಕ್ರಮವಿಧಿಗಳಿಗೆ ಒಂದು ಕೋಶ, ಅವು ಆಶ್ರಯಿಸುವ ಗ್ರಂಥಸಾಮಗ್ರಿಗೆ ಒಂದು, ಕೈಪಿಡಿಯ ಪುಟಗಳಿಗೆ ಮತ್ತೊಂದು. ಯಾವ ಅಂಗವು ಯಾವ ಕೋಶದಲ್ಲಿ ನೆಲೆಸಬೇಕೆಂಬ ನಿರ್ಣಯವು ಮೂಲಪಾಠದಲ್ಲಿ ಪೂರ್ತಿಯಾಗಿ ಇರುವಂತಿಲ್ಲ. ಏಕೆಂದರೆ ಮೂಲಪಾಠವನ್ನು ಬರೆದವನಿಗೆ ಅದು ಯಾವ ಊರಿನ ಯಾವ ಯಂತ್ರವನ್ನು ಸೇರುವುದೆಂಬುದು ತಿಳಿಯದು. ಆ ನಿರ್ಣಯವು ಸ್ಥಳದವರದು. ಇಂಥ ಒಂದು ಸಂಸ್ಥೆಯ ಯಂತ್ರಗಳ ಸಮುದಾಯವನ್ನು ಆ ಕಸುಬಿನವರು ಸೈಟ್ ಎನ್ನುತ್ತಾರೆ. ವಿಜಯನಗರದ ಕಾಲದ ಶಾಸನಗಳಲ್ಲಿ ಹಲವು ಹಳ್ಳಿಗಳನ್ನೊಳಗೊಂಡ ಆಡಳಿತದ ಘಟಕಕ್ಕೆ ಇದ್ದ ಸ್ಥಳವೆಂಬ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಮೊದಲಾದವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ಮುಂದೆ ಅನೇಕ ವಿಶ್ವವಿದ್ಯಾಲಯಗಳಿಗೂ ಕಂಪೆನಿಗಳಿಗೂ ಹಬ್ಬಿತು. ಹಬ್ಬಿದಂತೆ ಒಂದೊಂದು ಕಡೆಯಲ್ಲಿ ಒಂದೊಂದು ಬಗೆಯಾಯಿತು. ಒಂದೇ ಮೂಲಪಾಠವನ್ನು ಎಲ್ಲೆಡೆಯೂ ಕಟ್ಟುವುದು ಹೇಗೆಂಬ ತೊಡಕು ಆಗಲೇ ಹುಟ್ಟಿತು. 1984ರಲ್ಲಿ ಲ್ಯಾರಿ ವಾಲ್ ಎಂಬಾತನು ಸುದ್ದಿಯೋಲೆಗಳನ್ನು ಓದುವ ತನ್ನದೊಂದು ತಂತ್ರಾಂಶದೊಡನೆ ಕಾನ್ಫಿಗರ್ ಎಂಬ ಸಾಧನವನ್ನೂ ಕೊಟ್ಟನು. ಅದು ಯಂತ್ರವನ್ನು ತಾನೇ ಪರೀಕ್ಷಿಸಿ ಕೆಲವನ್ನು ಕಂಡುಕೊಳ್ಳುವುದು. ಉಳಿದದ್ದನ್ನು ಕಟ್ಟುವವನನ್ನೇ ಒಂದೊಂದಾಗಿ ಕೇಳುವುದು. 1987ರ ಡಿಸೆಂಬರಿನಲ್ಲಿ ಆತನೇ ಪ್ರಕಟಿಸಿದ ಪರ್ಲ್ ಎಂಬ ಕ್ರಮವಿಧಿಭಾಷೆಯೂ ಇದೇ ಪದ್ಧತಿಯನ್ನು ಅನುಸರಿಸಿತು. 1991ರಲ್ಲಿ ಡೇವಿಡ್ ಮೆಕೆಂಜಿ ಎಂಬಾತನು ಗ್ನೂ ಸಂಸ್ಥೆಯ ತಂತ್ರಾಂಶಗಳಿಗಾಗಿ ಆಟೋಕಾನ್ಫ್ ಎಂಬುದನ್ನು ಆರಂಭಿಸಿದನು. ಇದು ಪ್ರಶ್ನೆಗಳನ್ನು ಕೇಳುವುದಿಲ್ಲ. ಕಟ್ಟುವವನು ತನ್ನ ಇಷ್ಟವನ್ನು ಆಜ್ಞೆಯ ಸಾಲಿನಲ್ಲಿಯೇ ಸೂಚಿಸಬೇಕು, ಸೂಚಿಸದಿದ್ದರೆ ರೂಢಿಯ ಸ್ಥಾನವೇ ಗತಿ.

ಈ ಎರಡು ಪದ್ಧತಿಗಳಿಗೂ ಸಾಮಾನ್ಯವಾದ ಒಂದು ಪರಿಭಾಷೆಯು ಪ್ರಿಫಿಕ್ಸ್ ಎಂಬುದು. ವೈಯಾಕರಣರ ಉಪಸರ್ಗವೇ ಇದು. ಶಬ್ದದ ಆದಿಯಲ್ಲಿ ನಿಂತು ಉಪಸರ್ಗವು ಅರ್ಥವನ್ನು ಹೇಗೆ ತಿರುಗಿಸುವುದೋ, ಹಾಗೆಯೇ ಎಲ್ಲ ಕೋಶಗಳ ಹೆಸರಿನ ಆದಿಯಲ್ಲಿಯೂ ನಿಂತು ಇದು ತಂತ್ರಾಂಶದ ನೆಲೆಯನ್ನು ಗೊತ್ತುಮಾಡುವುದು. ಕಟ್ಟುವವನು ಬೇರೆ ಹೇಳದಿದ್ದಲ್ಲಿ ಯುಎಸ್‌ಆರ್ ಕೋಶದೊಳಗಣ ಲೋಕಲ್ ಎಂಬ ಕೋಶವೇ ಉಪಸರ್ಗವಾಗುವುದು ವಾಡಿಕೆ. ವ್ಯವಸ್ಥೆಯೊಡನೆ ಬಂದ ವಸ್ತುಗಳು ಒಂದು ಕಡೆ, ಸ್ಥಳದವರು ತಾವಾಗಿ ಕಟ್ಟಿಕೊಂಡವು ಇನ್ನೊಂದು ಕಡೆ ಇರಬೇಕೆಂಬುದೇ ಇದರ ತಾತ್ಪರ್ಯ. 1994ರಲ್ಲಿ ಲಿನಕ್ಸ್ ವ್ಯವಸ್ಥೆಗಳಿಗಾಗಿ ಹೊರಬಂದು, ಮುಂದೆ ವಿಸ್ತಾರಗೊಂಡು, 2015ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡ ಕಡತಕೋಶಗಳ ನಿಬಂಧನೆಯು ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ: ವ್ಯವಸ್ಥೆಯ ತಂತ್ರಾಂಶವನ್ನು ಹೊಸದುಮಾಡುವಾಗ ಲೋಕಲ್ ಕೋಶದಲ್ಲಿರುವುದು ಅಳಿಯಬಾರದು. ದೇವರ ಭಾಗವನ್ನೂ ಬ್ರಾಹ್ಮಣರ ಭಾಗವನ್ನೂ ಬೆರೆಯದಂತೆ ಇಟ್ಟ ಹರಿಹರದ ನಿರ್ಣಯಕ್ಕೂ ಇದಕ್ಕೂ ಉದ್ದೇಶದಲ್ಲಿ ಭೇದವಿಲ್ಲ.

3

ಮೊದಲನೆಯ ಸಲ ಕಟ್ಟುವಾಗ ತೊಡಕು ಹೆಚ್ಚಿಲ್ಲ. ಕಟ್ಟುವವನು ಯೋಚಿಸಿ ಉತ್ತರಗಳನ್ನು ಕೊಡುತ್ತಾನೆ. ತೊಡಕು ತಲೆದೋರುವುದು ಎರಡನೆಯ ಸಲ. ಎರಡು ಮೂರು ವರ್ಷಗಳ ಮೇಲೆ ತಂತ್ರಾಂಶದ ಹೊಸ ಆವೃತ್ತಿಯು ಬರುತ್ತದೆ. ಅಥವಾ ಹಳೆಯ ಯಂತ್ರವು ಕೆಟ್ಟು ಹೊಸದು ಬರುತ್ತದೆ. ಆ ವೇಳೆಗೆ ಮೊದಲು ಕಟ್ಟಿದವನು ವರ್ಗವಾಗಿ ಹೋಗಿರುತ್ತಾನೆ. ಇದ್ದರೂ ಅಂದು ಏನೆಂದು ಉತ್ತರಿಸಿದನೆಂಬುದನ್ನು ಮರೆತಿರುತ್ತಾನೆ. ಹೊಸಬನು ರೂಢಿಯ ಸ್ಥಾನಕ್ಕೆ ಒಪ್ಪಿದನೆಂದರೆ ಹೊಸ ಆವೃತ್ತಿಯು ಬೇರೊಂದು ಕೋಶವನ್ನು ಸೇರುತ್ತದೆ. ಹಳೆಯದು ಅಳಿಯದೆ ಹಿಂದಿನ ಕೋಶದಲ್ಲಿಯೇ ಉಳಿಯುತ್ತದೆ. ಸ್ಥಳದವರು ವರ್ಷಗಟ್ಟಲೆ ದುಡಿದು ಬರೆದುಕೊಂಡ ಸಹಾಯಕ ಭಾಗಗಳು ಹೊಸದಕ್ಕೆ ಗೋಚರವಾಗುವುದಿಲ್ಲ. ಯಾವುದನ್ನೂ ಯಾರೂ ಕೆಡಿಸಿರುವುದಿಲ್ಲ. ಆದರೂ ನಿನ್ನೆ ನಡೆಯುತ್ತಿದ್ದ ಕೆಲಸವು ಇಂದು ನಿಲ್ಲುತ್ತದೆ. ಕಟ್ಟೆಯು ಮೊದಲಿಗಿಂತಲೂ ಭದ್ರವಾಗಿ ಎದ್ದು, ನೀರು ಮಾತ್ರ ಯಾರದೋ ಗದ್ದೆಗೆ ಹರಿದಂತೆ ಇದು.

ಇದಕ್ಕೆ ಎರಡು ಪರಿಹಾರಗಳು ಏರ್ಪಟ್ಟವು. ಆಟೋಕಾನ್ಫ್ ಪದ್ಧತಿಯಲ್ಲಿ ಕಾನ್ಫಿಗ್-ಸೈಟ್ ಎಂಬ ಕಡತವುಂಟು. ಅದು ಕಟ್ಟಲ್ಪಡುವ ಮೂಲಪಾಠದೊಳಗೆ ಇರುವುದಿಲ್ಲ. ಯಂತ್ರದ ಗೊತ್ತಾದ ಕೋಶವೊಂದರಲ್ಲಿ ನೆಟ್ಟಂತೆ ಇರುತ್ತದೆ. ಯಾವ ತಂತ್ರಾಂಶವನ್ನೇ ಕಟ್ಟಲಿ, ಕಟ್ಟುವ ಸಾಧನವು ಮೊದಲು ಅದನ್ನು ಓದಿ ಸ್ಥಳದ ನಿರ್ಣಯಗಳನ್ನು ತಿಳಿದುಕೊಳ್ಳುತ್ತದೆ. ಪರ್ಲ್ ಪದ್ಧತಿಯಲ್ಲಿ ಪಾಲಿಸಿ ಎಂಬ ಕಡತವುಂಟು. ಕಾನ್ಫಿಗರ್ ಸಾಧನವು ತನ್ನ ಕೆಲಸವನ್ನು ಮುಗಿಸಿದಾಗ, ಸ್ಥಾಪನೆಯ ಕೋಶಗಳೇ ಮೊದಲಾಗಿ ಸ್ಥಳಕ್ಕೆಲ್ಲ ಸಾಮಾನ್ಯವಾದ ನಿರ್ಣಯಗಳನ್ನು ಈ ಕಡತದಲ್ಲಿ ತಾನೇ ಬರೆದಿಡುತ್ತದೆ. ಇನ್ನೊಂದು ಯಂತ್ರದಲ್ಲಿ ಅದೇ ಮರ್ಯಾದೆಯಂತೆ ಕಟ್ಟಬೇಕಾದರೆ ಈ ಕಡತದ ಪ್ರತಿಯನ್ನು ಅಲ್ಲಿನ ಮೂಲಪಾಠದ ಕೋಶಕ್ಕೆ ಒಯ್ದಿಟ್ಟರೆ ಸಾಕು.

ಮೊದಲನೆಯದನ್ನು ಶಿಲಾಶಾಸನಕ್ಕೂ ಎರಡನೆಯದನ್ನು ತಾಮ್ರಶಾಸನಕ್ಕೂ ಹೋಲಿಸಬಹುದು. ಶಿಲೆಯು ಸ್ಥಳದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಬಂದವರೆಲ್ಲರೂ ಅದನ್ನು ಓದಬೇಕು. ತಾಮ್ರಪಟವನ್ನು ದಾನವನ್ನು ಪಡೆದವನು ತನ್ನೊಡನೆ ಒಯ್ಯುತ್ತಾನೆ. ಬೇಕಾದೆಡೆಯಲ್ಲಿ ಅದನ್ನು ತೋರಿಸುತ್ತಾನೆ. ಹರಿಹರವು ಈ ಎರಡು ಬಗೆಗಳಿಗೂ ಉದಾಹರಣೆಯನ್ನು ಒದಗಿಸಿದೆ. ಬಾದಾಮಿ ಚಾಲುಕ್ಯ ವಿನಯಾದಿತ್ಯನ ಶಕ 616ನೆಯ, ಎಂದರೆ ಕ್ರಿ.ಶ. 694ನೆಯ ವರ್ಷದ ತಾಮ್ರಶಾಸನವು ಹರಿಹರದ ಪಟಗಳೆಂಬ ಹೆಸರಿನಿಂದಲೇ ವಿದ್ವತ್ಪ್ರಪಂಚದಲ್ಲಿ ಪ್ರಸಿದ್ಧವಾಗಿದೆ.

ಆದರೆ ಬರೆದಿಡುವುದೆಂದಮಾತ್ರಕ್ಕೆ ಎಲ್ಲವನ್ನೂ ಬರೆದಿಡುವುದು ಸರಿಯಲ್ಲವೆಂಬುದೇ ಈ ಚರಿತ್ರೆಯ ಮುಖ್ಯವಾದ ಪಾಠ. ಪರ್ಲನ್ನು ಕಟ್ಟುವಾಗ ಹುಟ್ಟುವ ಬರೆಹಗಳಲ್ಲಿ ಕಾನ್ಫಿಗ್ ಎಂಬ ಮತ್ತೊಂದು ಕಡತವೂ ಉಂಟು. ಅದರಲ್ಲಿ ಎಲ್ಲವೂ ಇದೆ: ಯಂತ್ರದ ಸ್ವಭಾವ, ಭಾಷಾಂತರಸಾಧನದ ಗುಣ, ಪೂರ್ಣಾಂಕದ ಅಳತೆ, ಸ್ಥಾಪನೆಯ ಕೋಶ. ಇವುಗಳಲ್ಲಿ ಹೆಚ್ಚಿನವು ಕಂಡುಕೊಂಡ ಸಂಗತಿಗಳು. ಕೆಲವೇ ಮಾಡಿಕೊಂಡ ನಿರ್ಣಯಗಳು. ಸಂಗತಿಗಳು ಯಂತ್ರವು ಬದಲಾದಂತೆ ಬದಲಾಗುತ್ತವೆ. ಅವನ್ನು ಮತ್ತೆ ಪರೀಕ್ಷಿಸಿ ತಿಳಿಯಬೇಕು. ನಿರ್ಣಯಗಳು ಯಂತ್ರವನ್ನು ಪರೀಕ್ಷಿಸಿ ತಿಳಿಯತಕ್ಕವಲ್ಲ. ಅವನ್ನು ಹಿಂದಿನವರಿಂದಲೇ ಪಡೆಯಬೇಕು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊಸ ಯಂತ್ರಕ್ಕೆ ಒಯ್ದರೆ ಹಳೆಯ ಸಂಗತಿಯು ಹೊಸ ಸತ್ಯವನ್ನು ಮುಚ್ಚುತ್ತದೆ. ಆಟೋಕಾನ್ಫಿನ ಚರಿತ್ರೆಯಲ್ಲಿ ಇದಕ್ಕೆ ಪ್ರಮಾಣವಿದೆ. ಹಿಂದೆ ಆ ಸಾಧನವು ತಾನು ಕಂಡುಕೊಂಡದ್ದನ್ನೆಲ್ಲ ಒಂದು ಕಡತದಲ್ಲಿ ಕೂಡಿಟ್ಟು ಮುಂದಿನ ಸಲ ಅದನ್ನೇ ನಂಬುತ್ತಿತ್ತು. ಹಳಸಿದ ಸಂಗತಿಗಳಿಂದ ಕೇಡುಂಟಾಗುವುದನ್ನು ಕಂಡು, 2001ರಲ್ಲಿ ಬಂದ ಆವೃತ್ತಿಯಿಂದ ಮುಂದೆ, ಕಟ್ಟುವವನು ಕೇಳಿಕೊಂಡಹೊರತು ಹಾಗೆ ಕೂಡಿಡಬಾರದೆಂದು ಏರ್ಪಡಿಸಿದರು. ಸ್ಥಳದ ನಿರ್ಣಯವನ್ನು ಹೇಳುವ ಕಾನ್ಫಿಗ್-ಸೈಟ್ ಕಡತವು ಮಾತ್ರ ಹಾಗೆಯೇ ಉಳಿಯಿತು.

ಪಾಲಿಸಿ ಕಡತದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ವಿವೇಕವೊಂದು ಕಾಣಬರುತ್ತದೆ. ಅದು ಉಪಸರ್ಗವನ್ನು ಬರೆದಿಡುತ್ತದೆ. ಉಳಿದ ಒಂದೊಂದು ಕೋಶದ ವಿಷಯದಲ್ಲಿಯೂ, ಇದು ಉಪಸರ್ಗದಿಂದ ತಾನಾಗಿಯೇ ಒದಗುವ ಸ್ಥಾನವೋ ಅಥವಾ ಸ್ಥಳದವರು ಬೇಕೆಂದು ಆರಿಸಿದ ಸ್ಥಾನವೋ ಎಂದು ಹೋಲಿಸಿ ನೋಡುತ್ತದೆ. ಬೇಕೆಂದು ಆರಿಸಿದ್ದಾದರೆ ಅದನ್ನು ಊರ್ಜಿತವಾದ ಸಾಲಾಗಿ ಬರೆಯುತ್ತದೆ. ತಾನಾಗಿ ಒದಗಿದ್ದಾದರೆ ಆ ಸಾಲನ್ನು ಬರಿಯ ಟಿಪ್ಪಣಿಯಾಗಿ ಇಟ್ಟು ಅದಕ್ಕೆ ಬಲವನ್ನು ಕೊಡದೆ ಬಿಡುತ್ತದೆ. ಇದರ ಫಲವೇನೆಂದರೆ, ಮುಂದೆ ಯಾರಾದರೂ ಉಪಸರ್ಗವನ್ನು ಬದಲಿಸಿದಾಗ ಅದನ್ನು ಅವಲಂಬಿಸಿದ ಕೋಶಗಳೆಲ್ಲ ಅದರ ಹಿಂದೆಯೇ ಸಾಗುತ್ತವೆ. ವಿಚಾರಪೂರ್ವಕವಾಗಿ ಬೇರೆಡೆ ಇಟ್ಟವು ಮಾತ್ರ ಕದಲುವುದಿಲ್ಲ. ಎಲ್ಲ ಸಾಲುಗಳನ್ನೂ ಊರ್ಜಿತವಾಗಿ ಬರೆದಿದ್ದರೆ ಅರ್ಧವು ಹೊಸ ನೆಲೆಗೆ ಹೋಗಿ ಅರ್ಧವು ಹಳೆಯ ನೆಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ರಕ್ಷಣೆಯ ಹೆಸರಿನಲ್ಲಿ ಅವ್ಯವಸ್ಥೆಯೇ ಉಂಟಾಗುತ್ತಿತ್ತು.

1410ರ ಹರಿಹರದ ನಿರ್ಣಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ದೇವರಿಗೆ ಇಂತಿಷ್ಟು ಭೂಮಿ, ಬ್ರಾಹ್ಮಣರಿಗೆ ಇಂತಿಷ್ಟು ಭೂಮಿ ಎಂದು ಕೇವಲ ಅಳತೆಯನ್ನು ಹೇಳಿದ್ದರೆ, ಕಾಲುವೆಯು ಮುಂದೆ ಉದ್ದವಾದರೂ ಕುಗ್ಗಿದರೂ ವಿವಾದಕ್ಕೆ ಎಡೆಯಾಗುತ್ತಿತ್ತು. ಅದರ ಬದಲಾಗಿ ಕಾಲುವೆಯು ಹರಿಯುವಷ್ಟು ದೂರವೂ ಎರಡು ಭಾಗ, ಒಂದು ಭಾಗ ಎಂಬ ನಿಯಮವನ್ನು ಹೇಳಿದರು. ಎಷ್ಟು ಭೂಮಿಯು ನೀರುಂಡಿತೆಂಬುದು ಸಂಗತಿ. ಅದು ಮಳೆ, ಕಾಲುವೆ, ಕಟ್ಟೆಗಳನ್ನು ಅವಲಂಬಿಸಿದ್ದು. ಭಾಗವು ನಿರ್ಣಯ, ಅದು ಕಲ್ಲಿಗೆ ಸೇರಿದ್ದು. ಅವಲಂಬಿಸಿದ್ದನ್ನು ಬಿಟ್ಟು ಆಧಾರವನ್ನು ಕೆತ್ತಿದವರ ವಿವೇಕವು ಮೆಚ್ಚತಕ್ಕದ್ದು.

4

ಪೂರ್ವಮರ್ಯಾದೆಯನ್ನು ಪಾಲಿಸುವುದೆಂದರೆ ಹೊಸದಕ್ಕೆ ಬಾಗಿಲನ್ನು ಮುಚ್ಚುವುದಲ್ಲ. ಪಾಲಿಸಿ ಕಡತವಿದ್ದರೂ ಕಟ್ಟುವವನು ಆಜ್ಞೆಯ ಸಾಲಿನಲ್ಲಿ ಬೇರೆ ಉಪಸರ್ಗವನ್ನು ಹೇಳಿದರೆ ಅದಕ್ಕೇ ಮನ್ನಣೆ. ಹೊಸ ಆವೃತ್ತಿಯನ್ನು ಮೊದಲು ಪರೀಕ್ಷೆಗಾಗಿ ಬೇರೊಂದು ಕೋಶದಲ್ಲಿ ಕಟ್ಟಿ ನೋಡಲು ಇದು ಅನುಕೂಲ. ಹಳೆಯ ನಿರ್ಣಯಗಳು ಯಾವುವೂ ಬೇಡವಾದಲ್ಲಿ ಆ ಕಡತವನ್ನೇ ತೆಗೆದುಹಾಕಬೇಕೆಂದು ಕೈಪಿಡಿಯು ಹೇಳುತ್ತದೆ. ಕಾನ್ಫಿಗ್-ಸೈಟ್ ಕಡತವನ್ನು ಬರೆಯುವವರೂ ಕಟ್ಟುವವನು ತಾನಾಗಿ ಏನನ್ನೂ ಹೇಳದಿದ್ದಾಗ ಮಾತ್ರ ಸ್ಥಳದ ನಿರ್ಣಯವು ಸಲ್ಲುವಂತೆ ಬರೆಯುವುದು ಕ್ರಮ. ಶಾಸನಗಳಲ್ಲಿ ನಿರ್ಣಯವನ್ನು ಮೀರಿದವರಿಗೆ ಶಾಪವುಂಟು, ಇಲ್ಲಿ ಶಾಪವಿಲ್ಲ. ಮೀರುವವನು ತಿಳಿದು ಮೀರಬೇಕು, ಮರೆತು ಮೀರಬಾರದು ಎಂಬುದಷ್ಟೇ ಇಲ್ಲಿನ ಧರ್ಮ.

ಬೇರೆಬೇರೆ ಕೈಗಳ ಕೆಲಸಕ್ಕೆ ಬೇರೆಬೇರೆ ಎಡೆಗಳನ್ನು ಮೊದಲೇ ಬಿಟ್ಟಿರುವುದೂ ಈ ಪಾಲನೆಯ ಒಂದು ಅಂಗ. ಪರ್ಲಿನ ಸ್ಥಾಪನೆಯಲ್ಲಿ ಮೂರು ಶ್ರೇಣಿಗಳುಂಟು: ಪರ್ಲಿನೊಡನೆಯೇ ಬಂದ ಸಾಮಗ್ರಿಗೆ ಒಂದು, ಸ್ಥಳದವರು ಸೇರಿಸಿಕೊಂಡದ್ದಕ್ಕೆ ಒಂದು, ವ್ಯವಸ್ಥೆಯನ್ನು ಒದಗಿಸಿದ ವರ್ತಕರು ಸೇರಿಸಿದ್ದಕ್ಕೆ ಇನ್ನೊಂದು. ಮೂಲವು ಹೊಸದಾದಾಗ ಸ್ಥಳದವರ ಶ್ರೇಣಿಯು ಅದರಡಿಯಲ್ಲಿ ಸಿಕ್ಕಿ ಹೂತುಹೋಗದು. ಹರಿಹರೇಶ್ವರ ದೇವಾಲಯದಲ್ಲಿಯೂ ಇಂಥದೇ ಕ್ರಮವು ಕಣ್ಣಿಗೆ ಕಾಣುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಈ ದೇವಾಲಯವನ್ನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು ಅದಕ್ಕೆ ಹೊಸ ಭಾಗಗಳನ್ನು ಸೇರಿಸಿದನು. ಅರ್ಧ ಹರನೂ ಅರ್ಧ ಹರಿಯೂ ಆದ ಮೂರ್ತಿಯ ನೆಲೆಯು ಪೋಲಾಳ್ವನದಾಗಿಯೇ ಉಳಿಯಿತು. ಸೋಮನ ಕೆಲಸವು ಅದಕ್ಕೆ ಸೇರ್ಪಡೆಯಾಯಿತೇ ಹೊರತು ಅದನ್ನು ಸ್ಥಾನದಿಂದ ತಪ್ಪಿಸಲಿಲ್ಲ. ಹಿಂದಿನವನ ಹೆಸರೂ ಅಳಿಯಲಿಲ್ಲ, ಮುಂದಿನವನ ಕೈಯೂ ಕಟ್ಟಿಹೋಗಲಿಲ್ಲ.

ಸಂಶೋಧಕರ ಸ್ವಂತ ವ್ಯವಹಾರದಲ್ಲಿಯೇ ಇದಕ್ಕೊಂದು ಸಾಕ್ಷಿಯಿದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ಹರಿಹರದ ಶಾಸನಗಳಿಗೆ ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳನ್ನು ಕೊಟ್ಟರು. ಮುಂದೆ ಹರಿಹರವೇ ಬೇರೊಂದು ತಾಲ್ಲೂಕಾಯಿತು. 1997ರ ಆಗಸ್ಟಿನಲ್ಲಿ ದಾವಣಗೆರೆಯು ಚಿತ್ರದುರ್ಗದಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಹರಿಹರವು ಅದಕ್ಕೆ ಸೇರಿತು. ಶಾಸನವಿರುವ ಊರನ್ನು ಒಳಗೊಂಡ ಕೋಶಗಳ ಹೆಸರುಗಳೆಲ್ಲ ಹೀಗೆ ಬದಲಾದವು. ಆದರೂ ಹಳೆಯ ಪ್ರಬಂಧಗಳಲ್ಲಿ ಚಿತ್ರದುರ್ಗದ ಸಂಪುಟ, ದಾವಣಗೆರೆಯ ಸಂಖ್ಯೆ ಎಂದಿರುವ ಉಲ್ಲೇಖವನ್ನು ಹಿಡಿದು ಹೊರಟವನು ಇಂದಿಗೂ ಹರಿಹರದ ಆ ಶಾಸನಪಾಠವನ್ನೇ ಮುಟ್ಟುತ್ತಾನೆ. ಜಿಲ್ಲೆಯ ಎಲ್ಲೆಯು ಕದಲಿದಾಗಲೆಲ್ಲ ಪ್ರಕಟಿತ ಗ್ರಂಥದ ಸಂಖ್ಯೆಗಳನ್ನೂ ಕದಲಿಸುತ್ತ ಹೋಗಿದ್ದರೆ, ಒಂದು ಶತಮಾನದ ಟಿಪ್ಪಣಿಗಳು ದಾರಿತಪ್ಪುತ್ತಿದ್ದವು. ಎಲ್ಲೆಯು ಸಂಗತಿಯೆಂದೂ ಸಂಖ್ಯೆಯು ನಿರ್ಣಯವೆಂದೂ ವಿದ್ವಾಂಸರು ತಮಗರಿವಿಲ್ಲದೆಯೇ ವಿಂಗಡಿಸಿಕೊಂಡಿದ್ದಾರೆ.

ಇಂದು ನಿಘಂಟುಗಳೂ ಶಾಸನಪಾಠಗಳೂ ಹಸ್ತಪ್ರತಿಗಳ ಚಿತ್ರಗಳೂ ಗಣಕಯಂತ್ರಗಳನ್ನು ಸೇರಿರುವ ಕಾಲ. ಅವನ್ನು ನಡೆಸುವ ತಂತ್ರಾಂಶವು ಕೆಲವು ವರ್ಷಗಳಿಗೊಮ್ಮೆ ಹೊಸದಾಗಲೇಬೇಕು. ಯಂತ್ರಗಳಂತೂ ಕಟ್ಟೆಗಳಿಗಿಂತ ಬೇಗನೆ ಒಡೆಯುವಂಥವು. ಮತ್ತೆ ಕಟ್ಟಬಲ್ಲವರು ದೊರೆಯುತ್ತಾರೆ. ಯಾವುದನ್ನು ಎಲ್ಲಿ, ಏಕೆ ಇರಿಸಲಾಗಿತ್ತೆಂಬುದು ಒಬ್ಬನ ನೆನಪಿನಲ್ಲಿ ಮಾತ್ರ ಇದ್ದರೆ, ಆತನು ಹೊರಟ ದಿನವೇ ಅದು ಹೊರಟುಹೋಗುತ್ತದೆ. ಆದುದರಿಂದ ನಿರ್ಣಯವನ್ನು ನಿರ್ಮಾಣದಿಂದ ಬೇರ್ಪಡಿಸಿ, ಕಂಡದ್ದನ್ನು ಬಿಟ್ಟು ಆರಿಸಿದ್ದನ್ನು ಮಾತ್ರ, ಮುಂದಿನವನು ಮೊದಲು ನೋಡುವ ಎಡೆಯಲ್ಲಿ ಬರೆದಿಡತಕ್ಕದ್ದು. ಹರಿದ್ರೆಯ ಕಟ್ಟೆಯನ್ನು 1424ರಲ್ಲಿ ಮತ್ತೆ ಕಟ್ಟಲು ನಿಂತವರು ಎರಡು ಭಾಗ, ಒಂದು ಭಾಗವೆಂಬುದನ್ನು ಯಾರ ಬಾಯಿಂದಲೂ ಕೇಳಬೇಕಾಗಿರಲಿಲ್ಲ; ಅದನ್ನು ಹೇಳುವ ಕಲ್ಲು ಊರಿನಲ್ಲಿಯೇ ನಿಂತಿದ್ದಿತು.